ದೇವಗಡದ ದೀಪ ಮತ್ತು ಘಟ್ಟ ಇಳಿಯದ ರೈಲು

1864ರಲ್ಲಿ ಕಾರವಾರ ಕೊಲ್ಲಿಯ ಬಾಯಲ್ಲಿ, ದೇವಗಡ ದ್ವೀಪದ ನೆತ್ತಿಯ ಮೇಲೆ ಒಂದು ದೀಪ ಹೊತ್ತಿಕೊಂಡಿತು. ಇಂಗ್ಲಿಷ್ ನಾವಿಕರ ನಕ್ಷೆಗಳಲ್ಲಿ ಈ ದ್ವೀಪದ ಹೆಸರು ಆಯಿಸ್ಟರ್ ರಾಕ್. ಗುಂಡನೆಯ ಬಿಳಿ ಕಲ್ಲುಗೋಪುರ, ಅದರ ತುದಿಯಲ್ಲಿ ನಿಶ್ಚಲವಾಗಿ ಉರಿಯುವ ಬಿಳಿ ಬೆಳಕು. ಸಮುದ್ರಮಟ್ಟದಿಂದ ಸುಮಾರು 200 ಅಡಿ ಎತ್ತರದಲ್ಲಿದ್ದ ಆ ಬೆಳಕು ತಿಳಿಯಾದ ರಾತ್ರಿಯಲ್ಲಿ 20 ಮೈಲು ದೂರದ ಹಡಗಿಗೂ ಕಾಣುತ್ತಿತ್ತು. ಕಾರವಾರ ಜಿಲ್ಲಾಕೇಂದ್ರವಾಗಿ ಆಗಿನ್ನೂ ಎರಡೇ ವರ್ಷ. ರಸ್ತೆ, ಕಚೇರಿ, ಬಂಗಲೆಗಳು ಏಳುತ್ತಿದ್ದ ಆ ಹೊಸ ಊರಿಗೆ ಇಷ್ಟು ದೊಡ್ಡ ದೀಪ ಬಂದದ್ದು ಏಕೆ ಎಂದು ಕೇಳುತ್ತ ಹೋದರೆ ಧಾರವಾಡದ ಎರೆಹೊಲ, ಅಮೆರಿಕದ ಯುದ್ಧ, ಇಂಗ್ಲೆಂಡಿನ ಗಿರಣಿ ಇವೆಲ್ಲ ಒಂದೇ ದಾರದಲ್ಲಿ ಕೂಡಿಕೊಳ್ಳುತ್ತವೆ. ಕನ್ನಡ ಕರಾವಳಿ ಎರಡು ಪ್ರಾಂತಗಳಾಗಿ ಒಡೆದದ್ದರ ಹಿಂದೆಯೂ ಇದೇ ದಾರವಿದೆ.

ಕೊಲ್ಲಿಯ ಗುಣ

ಮೊದಲು ಕೊಲ್ಲಿಯನ್ನು ನೋಡಬೇಕು. ಜೋಯಿಡಾ ಸೀಮೆಯ ಡಿಗ್ಗಿಯಲ್ಲಿ ಹುಟ್ಟಿ ಕಾಡು, ಕಣಿವೆಗಳನ್ನು ದಾಟಿ ಬರುವ ಕಾಳಿ ನದಿ ಇಲ್ಲಿ ಕಡಲು ಸೇರುತ್ತದೆ. ನದಿಯ ಉತ್ತರ ದಂಡೆಯಲ್ಲಿ ಸದಾಶಿವಗಡದ ಗುಡ್ಡ. ಅದರ ಮೇಲಿನ ಕೋಟೆ ಸೋದೆಯ ಅರಸರದು. ದಕ್ಷಿಣಕ್ಕೆ ಕಡಲೊಳಗೆ ಚಾಚಿಕೊಂಡ ಬೆಟ್ಟದ ಮೂಗು ಕಾರವಾರ ಹೆಡ್, ಅದರ ಮಗ್ಗುಲಲ್ಲಿ ಬೈತಖೋಲ್. ಹೊರಗಡೆ ಕಾವಲಿಗೆ ನಿಂತಂತೆ ದ್ವೀಪಗಳು: ನರಸಿಂಹನ ಜಾತ್ರೆಗೆ ಜನ ದೋಣಿಯಲ್ಲಿ ಹೋಗುವ ಕೂರ್ಮಗಡ, ಕಾರವಾರ ಹೆಡ್‌ನ ಪಶ್ಚಿಮಕ್ಕೆ ನಾಲ್ಕೈದು ಕಿಲೋಮೀಟರಿನಾಚೆ ದೇವಗಡ, ದಕ್ಷಿಣದಲ್ಲಿ ಅಂಜದೀವ.

ಪಶ್ಚಿಮ ಕರಾವಳಿಯಲ್ಲಿ ಇಂಥ ತಾಣ ವಿರಳ. ಜೂನ್ ಬಂತೆಂದರೆ ನೈಋತ್ಯದ ಗಾಳಿಗೆ ಅರಬ್ಬಿ ಸಮುದ್ರ ಏಳುತ್ತದೆ. ಪಾತಿಮಾರಿ, ಮಚವೆಗಳನ್ನು ದಡಕ್ಕೆಳೆದು ಮಡಲು ಹೊದಿಸುವುದು ಕರಾವಳಿಯ ಹಳೆಯ ಪದ್ಧತಿ. ಕುಮಟಾದಂಥ ಬಂದರುಗಳು ತೆರೆದ ಕಡಲಿಗೆ ಮುಖ ಮಾಡಿದ್ದವು. ಮಳೆಗಾಲದಲ್ಲಿ ಅಲ್ಲಿ ಹಡಗು ನಿಲ್ಲುವುದೇ ಅಪಾಯ. ಕಾರವಾರದಲ್ಲಿ ಮಾತ್ರ ಬೆಟ್ಟ, ದ್ವೀಪಗಳ ಮರೆಯಲ್ಲಿ ಆಳವಾದ, ಶಾಂತವಾದ ನೀರು ಸಿಗುತ್ತಿತ್ತು.

ಈ ಗುಣ ಕಡಲಿಗರಿಗೆ ಬಹುಹಿಂದೆಯೇ ತಿಳಿದಿತ್ತು. 1498ರಲ್ಲಿ ವಾಸ್ಕೋ ಡ ಗಾಮಾ ಹಿಂದಿರುಗುವ ಮುನ್ನ ತನ್ನ ಹಡಗುಗಳನ್ನು ದುರಸ್ತಿಗಾಗಿ ತಂಗಿಸಿದ್ದು ಅಂಜದೀವದಲ್ಲಿ. 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡಾ ಅಲ್ಲೊಂದು ಕೋಟೆಗೆ ಕೈಹಾಕಿದ. ಮುಂಬಯಿಯನ್ನು ಪೋರ್ಚುಗೀಸರಿಂದ ವಹಿಸಿಕೊಳ್ಳಲು ಬಂದ ಸರ್ ಅಬ್ರಹಾಂ ಶಿಪ್‌ಮನ್‌ನ ಇಂಗ್ಲಿಷ್ ಪಡೆಗೆ ಅದು ಕೂಡಲೇ ಕೈಸೇರದೆ, ಅದೇ ದ್ವೀಪದಲ್ಲಿ ಬೀಡುಬಿಡಬೇಕಾಯಿತು. ರೋಗಕ್ಕೆ ನೂರಾರು ಸಿಪಾಯಿಗಳು ಸತ್ತರು, 1664ರಲ್ಲಿ ಶಿಪ್‌ಮನ್ ಕೂಡ ಅಲ್ಲಿಯೇ ತೀರಿಕೊಂಡ. ಇಂಗ್ಲಿಷ್ ವರ್ತಕರು 17ನೆಯ ಶತಮಾನದಲ್ಲಿಯೇ ಕಾರವಾರದಲ್ಲಿ ಕೋಠಿ ತೆರೆದು ಘಟ್ಟದ ಮೇಲಿನ ನಯವಾದ ಬಟ್ಟೆ ಮತ್ತು ಮೆಣಸನ್ನು ಕೊಳ್ಳುತ್ತಿದ್ದರು. 1665ರಲ್ಲಿ ಶಿವಾಜಿ ಈ ಕಡೆ ಬಂದಾಗ ಆ ಕೋಠಿಯವರೂ ಕಪ್ಪ ತೆರಬೇಕಾಯಿತು. ಆದರೆ ಈ ಯಾರ ಕಾಲದಲ್ಲೂ ದೇವಗಡದ ಮೇಲೆ ದೀಪಸ್ತಂಭ ಏಳಲಿಲ್ಲ. ಅದಕ್ಕೆ ಹತ್ತಿ ಬರಬೇಕಾಯಿತು.

ಹತ್ತಿಯ ಒತ್ತಡ

19ನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನ ಲ್ಯಾಂಕಾಷೈರ್ ಗಿರಣಿಗಳು ಬಹುಪಾಲು ಅಮೆರಿಕದ ಹತ್ತಿಯನ್ನೇ ನಂಬಿದ್ದವು. ಆ ಹತ್ತಿಯನ್ನು ಬೆಳೆಯುತ್ತಿದ್ದವರು ದಕ್ಷಿಣದ ತೋಟಗಳ ಗುಲಾಮರು. ಗುಲಾಮಗಿರಿಯ ಪ್ರಶ್ನೆ ಅಲ್ಲಿ ಕಾವೇರಿದಷ್ಟೂ ಮ್ಯಾಂಚೆಸ್ಟರಿನ ಗಿರಣಿ ಮಾಲೀಕರಿಗೆ ದಿಗಿಲಾಯಿತು. ಬೇರೆ ಹತ್ತಿ ಎಲ್ಲಿದೆ ಎಂದು ಹುಡುಕಿದವರ ಕಣ್ಣಿಗೆ ಬಿದ್ದದ್ದು ಧಾರವಾಡ. 1840ರ ದಶಕದಿಂದ ಅಲ್ಲಿನ ಎರೆನೆಲದಲ್ಲಿ ನ್ಯೂ ಆರ್ಲಿಯನ್ಸ್ ಬೀಜದ ಹತ್ತಿ ಹಬ್ಬಿತ್ತು. ಪೇಟೆಯಲ್ಲಿ ಅದಕ್ಕೆ 'ಧಾರವಾಡ ಅಮೆರಿಕನ್' ಎಂದೇ ಹೆಸರು. ನಾಟಿ ತಳಿಯ ಹತ್ತಿ ದೇವಿಮನೆ ಘಟ್ಟವಿಳಿದು ಕುಮಟಾದಲ್ಲಿ ಹಡಗೇರುತ್ತಿದ್ದುದರಿಂದ 'ಕುಮಟಾ ಹತ್ತಿ' ಎನಿಸಿಕೊಂಡಿತ್ತು.

ಹತ್ತಿ ಇತ್ತು, ದಾರಿ ಇರಲಿಲ್ಲ. ಎತ್ತಿನ ಗಾಡಿಗಳು ಘಟ್ಟ ಇಳಿಯಲು ದಿನಗಟ್ಟಲೆ ಬೇಕು. ಧೂಳು, ಎಲೆ, ತೇವ ಸೇರಿ ಹತ್ತಿ ಕೆಡುತ್ತಿತ್ತು. ಮಳೆ ಹಿಡಿದರೆ ಮುಂದಿನ ಋತುವಿನವರೆಗೆ ಕಾಯಬೇಕು. ಆದ್ದರಿಂದ ಸದಾಶಿವಗಡದ ಕೊಲ್ಲಿಯಲ್ಲಿ ಬಂದರು ಕಟ್ಟಿ, ಅಲ್ಲಿಂದ ಧಾರವಾಡಕ್ಕೆ ಒಳ್ಳೆಯ ಗಾಡಿದಾರಿ ತೆಗೆಯಿರಿ ಎಂಬುದು ಮ್ಯಾಂಚೆಸ್ಟರಿನ ಪಟ್ಟು. 1860ರಲ್ಲಿ ಅವರು ಮ್ಯಾಂಚೆಸ್ಟರ್ ಕಾಟನ್ ಕಂಪನಿ ಕಟ್ಟಿದರು. ಅದರ ಕಾರ್ಯದರ್ಶಿ ಹೇವುಡ್ ತಾನೇ ಭಾರತಕ್ಕೆ ಬಂದು ಸದಾಶಿವಗಡ, ಧಾರವಾಡಗಳನ್ನು ಸುತ್ತಿದ. ಕಂಪನಿ ಹತ್ತಿ ಒತ್ತುವ ಯಂತ್ರಗಳನ್ನು ಹಡಗಿನಲ್ಲಿ ಕಳಿಸಿಯೂ ಬಿಟ್ಟಿತು. ಆದರೆ ಇಲ್ಲಿ ಯಂತ್ರ ಇಳಿಸಲು ಕಟ್ಟೆಯೂ ಇರಲಿಲ್ಲ, ಸಾಗಿಸಲು ರಸ್ತೆಯೂ ಸಿದ್ಧವಾಗಿರಲಿಲ್ಲ. ಕೊಟ್ಟ ಮಾತಿಗೆ ಸರ್ಕಾರ ತಪ್ಪಿತೆಂಬ ದೂರು ಲಂಡನ್ನಿನವರೆಗೆ ಹೋಯಿತು. ಭಾರತ ಸಚಿವ ಚಾರ್ಲ್ಸ್ ವುಡ್ ಅದಕ್ಕೆ ಉತ್ತರ ಹೇಳುತ್ತ ಬೇಸತ್ತ.

1861ರ ಏಪ್ರಿಲ್‌ನಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಲ್ಯಾಂಕಾಷೈರಿನಲ್ಲಿ ಗಿರಣಿ ಮುಚ್ಚಿ ಲಕ್ಷಾಂತರ ಕಾರ್ಮಿಕರು ಹಸಿವಿಗೆ ಬಿದ್ದರು. ಮುಂಬಯಿಯಲ್ಲಿ ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಅಲ್ಲಿಯವರೆಗೆ ಕಾಗದದ ಮೇಲಿದ್ದ ಸದಾಶಿವಗಡದ ಬಂದರು ಈಗ ಸಾಮ್ರಾಜ್ಯದ ತುರ್ತು ಕೆಲಸವಾಯಿತು.

ಬಂದರಿಗಾಗಿ ಬದಲಾದ ಗಡಿ

ರಸ್ತೆ ತಡವಾಗಿದ್ದಕ್ಕೆ ಆಡಳಿತದ ಕಾರಣವೊಂದಿತ್ತು. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತದಲ್ಲಿ, ಬಂದರಾಗಬೇಕಾದ ಸದಾಶಿವಗಡ ಮದ್ರಾಸ್ ಪ್ರಾಂತದಲ್ಲಿ. ಘಟ್ಟದ ಮೇಲಿನ ಅರ್ಧ ದಾರಿ ಒಬ್ಬರದು, ಕೆಳಗಿನ ಅರ್ಧ ಇನ್ನೊಬ್ಬರದು. ಮದ್ರಾಸಿಗೆ ಈ ಬಂದರಿನಿಂದ ಲಾಭವಿಲ್ಲ. ಮುಂಬಯಿಗೆ ಆಸೆಯಿದ್ದರೂ ಅಧಿಕಾರವಿಲ್ಲ. ಬಿಕ್ಕಟ್ಟು ಬಿಡಿಸಲು ಸರ್ಕಾರ ಕಂಡುಕೊಂಡ ಉಪಾಯ ಗಡಿಯನ್ನೇ ಸರಿಸುವುದು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಂಗ್ಲಿಷರ ಕೈಸೇರಿದ ಕೆನರಾ ಜಿಲ್ಲೆ ಆ ಹೊತ್ತಿಗಾಗಲೇ ಉತ್ತರ, ದಕ್ಷಿಣ ಎಂದು ಭಾಗವಾಗಿತ್ತು. 1862ರಲ್ಲಿ ಉತ್ತರ ಭಾಗವನ್ನು ಮದ್ರಾಸಿನಿಂದ ತೆಗೆದು ಮುಂಬಯಿಗೆ ಸೇರಿಸಲಾಯಿತು. ಜಿಲ್ಲಾಕೇಂದ್ರ ಕಾರವಾರಕ್ಕೆ ಬಂತು.

ಈ ನಿರ್ಧಾರದ ಭಾರವನ್ನು ನಾವು ಇನ್ನೂ ಸರಿಯಾಗಿ ಅಳೆದಿಲ್ಲ ಎಂಬುದು ನನ್ನ ಎಣಿಕೆ. ಒಂದು ಬಂದರಿನ ಅನುಕೂಲಕ್ಕೆ ಎಳೆದ ಗೆರೆ ಕನ್ನಡ ಕರಾವಳಿಯನ್ನು 1956ರ ನವೆಂಬರ್ 1ರವರೆಗೆ, ಅಂದರೆ 94 ವರ್ಷ, ಎರಡು ಪ್ರಾಂತಗಳಲ್ಲಿ ಇಟ್ಟಿತು. ಭಟ್ಕಳದವರ ರಾಜಧಾನಿ ಮುಂಬಯಿ, ಅದರ ಪಕ್ಕದ ಬೈಂದೂರಿನವರದು ಮದ್ರಾಸು. ಶಾಲೆ, ನ್ಯಾಯಾಲಯ, ಕಂದಾಯದ ಕ್ರಮ, ಕೆಲಸ ಹುಡುಕಿ ಹೋಗುವ ದಿಕ್ಕು ಎಲ್ಲವೂ ಆ ಗೆರೆಯನ್ನು ಅನುಸರಿಸಿದವು. ಉತ್ತರ ಕನ್ನಡದ ಮಕ್ಕಳು ಓದಿಗೆ ಧಾರವಾಡಕ್ಕೆ, ನೌಕರಿಗೆ ಮುಂಬಯಿಗೆ ಹೊರಟರು. ಅಂಕೋಲೆ ಸೀಮೆಯ ದಿನಕರ ದೇಸಾಯಿಯವರು ಮುಂಬಯಿಯಲ್ಲಿ ಭಾರತ ಸೇವಕ ಸಮಾಜದ ಕಾರ್ಯಕರ್ತರಾಗಿ ಹಡಗು ಕಾರ್ಮಿಕರ ನಡುವೆ ದುಡಿದರು, ಅವರ ಬವಣೆಯನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವನ್ನೇ ಬರೆದರು. ಅದೇ ಕೈ ಊರಿಗೆ ಮರಳಿ ರೈತರ ಪರ ಹೋರಾಡಿತು, ಚುಟುಕಗಳನ್ನು ಬರೆಯಿತು, ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಗಳನ್ನು ಕಟ್ಟಿತು. ಜಿಲ್ಲೆಗೂ ಮುಂಬಯಿಗೂ ಬೆಸೆದ ಈ ನಂಟು 1862ರಲ್ಲಿ ಮೊದಲಾದದ್ದು.

ಬೆಳಕಿನ ಲೆಕ್ಕ

ಹೊಸ ಬಂದರಿಗೆ ಮೊದಲು ಬೇಕಾದದ್ದು ಬೆಳಕು. ಹಗಲಿನಲ್ಲಿ ಸದಾಶಿವಗಡದ ಗುಡ್ಡ, ಕಾರವಾರ ಹೆಡ್, ದ್ವೀಪಗಳ ಸಾಲು ನಾವಿಕನಿಗೆ ದಾರಿ ಹೇಳುತ್ತವೆ. ಕತ್ತಲಾದ ಮೇಲೆ ಅದೇ ದ್ವೀಪಗಳು ಹಡಗನ್ನು ಒಡೆಯುವ ಬಂಡೆಗಳು. ಆದ್ದರಿಂದ ಅತ್ಯಂತ ಹೊರಗಿನ ದ್ವೀಪದ ಮೇಲೆಯೇ ದೀಪವಿರಬೇಕು. ಆಗ ಅದು ಬಂದರು ಇಲ್ಲಿದೆ ಎನ್ನುವುದರ ಜೊತೆಗೆ, ಅಪಾಯವೂ ಇಲ್ಲಿಂದಲೇ ಶುರು ಎಂದು ತಿಳಿಸುತ್ತದೆ.

ಎತ್ತರಕ್ಕೂ ಲೆಕ್ಕವಿದೆ. ಭೂಮಿ ದುಂಡಗಿರುವುದರಿಂದ ಕಡಲಮಟ್ಟದ ದೀಪ ಎಷ್ಟೇ ಪ್ರಖರವಾಗಿದ್ದರೂ ಕೆಲವೇ ಮೈಲಿಯಲ್ಲಿ ದಿಗಂತದ ಕೆಳಗೆ ಮುಳುಗುತ್ತದೆ. 200 ಅಡಿ ಎತ್ತರದ ದೀಪಕ್ಕೆ ದಿಗಂತ ಸುಮಾರು 16 ನಾಟಿಕಲ್ ಮೈಲು ದೂರ. ಹಡಗಿನ ಅಟ್ಟದ ಮೇಲೆ ನಿಂತವನ ಕಣ್ಣಿನ ಎತ್ತರ ಸೇರಿದರೆ ಇನ್ನೂ ನಾಲ್ಕು ಮೈಲು. ಅಂದಿನ ದಾಖಲೆಗಳು ಹೇಳುವ 20 ಮೈಲು ಈ ಲೆಕ್ಕಕ್ಕೆ ಹೊಂದುತ್ತದೆ. ದ್ವೀಪದ ಗುಡ್ಡವೇ ಎತ್ತರದ ಬಹುಪಾಲನ್ನು ಕೊಟ್ಟದ್ದರಿಂದ ಗೋಪುರ ತೀರಾ ಉದ್ದವಾಗಿರಬೇಕಿರಲಿಲ್ಲ.

ದೂರಕ್ಕೆ ತಲುಪುವ ಶಕ್ತಿ ಬಂದದ್ದು ಗಾಜಿನಿಂದ. ಫ್ರಾನ್ಸಿನ ಅಗಸ್ಟಿನ್ ಫ್ರೆನೆಲ್ 1820ರ ದಶಕದಲ್ಲಿ ರೂಪಿಸಿದ ಮಸೂರ ಆ ಶತಮಾನದ ದೀಪಸ್ತಂಭಗಳ ಹಣೆಬರಹವನ್ನೇ ಬದಲಿಸಿತ್ತು. ದೀಪದ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಗಾಜಿನ ಪಟ್ಟಿಗಳು, ಮೇಲೂ ಕೆಳಗೂ ಚೆದುರಿ ಹೋಗುವ ಕಿರಣಗಳನ್ನು ಬಾಗಿಸಿ ಕಡಲಿನ ಕಡೆಗೆ ಮಟ್ಟವಾಗಿ ಕಳಿಸುತ್ತವೆ. ನಡುವೆ ಉರಿಯುತ್ತಿದ್ದುದು ಎಣ್ಣೆಬತ್ತಿ. 1862ರ ಮಾರ್ಚ್ 28ರಂದು ಬೆಳಗಿದ ಆಲಪ್ಪುಳದ ದೀಪಸ್ತಂಭದಲ್ಲಿ ಸುಡುತ್ತಿದ್ದುದು ಕೊಬ್ಬರಿ ಎಣ್ಣೆ. ಪಶ್ಚಿಮ ಕರಾವಳಿಯ ಬಂದರುಗಳು ಒಂದರ ಹಿಂದೊಂದು ದೀಪ ಹಚ್ಚಿಕೊಳ್ಳುತ್ತಿದ್ದ ಕಾಲ ಅದು.

ಇಂಥ ದೀಪವನ್ನು ಕಾಯುವುದು ರಾತ್ರಿಯಿಡೀ ಎಚ್ಚರ ಬೇಡುವ ಕೆಲಸ. ಬತ್ತಿ ಕರಕಾದರೆ ಬೆಳಕು ಮಂಕಾಗುತ್ತದೆ. ಗಾಜಿನ ಮೇಲೆ ಮಸಿ ಕೂತರೂ, ಉಪ್ಪಿನ ತೇವ ಕೂತರೂ ಮೈಲುಗಳು ಕಳೆಯುತ್ತವೆ. ದ್ವೀಪದ ದೀಪಸ್ತಂಭವಾದರೆ ಅಕ್ಕಿ, ಎಣ್ಣೆ, ಸೌದೆ ಎಲ್ಲಕ್ಕೂ ದೋಣಿಯನ್ನೇ ನಂಬಬೇಕು. ಮುಂಗಾರು ಎದ್ದ ಮೇಲೆ ಆ ದೋಣಿ ಬರುವುದೂ ಕಡಲಿನ ಮರ್ಜಿ. ಗೆಜೆಟಿಯರುಗಳು ದೀಪದ ಎತ್ತರವನ್ನು ಅಡಿಗಳಲ್ಲಿ ಬರೆದಿಟ್ಟವು. ಅದನ್ನು ಆರದಂತೆ ಕಾದವರ ಹೆಸರು ಆ ಪುಟಗಳಿಗೆ ಹತ್ತಲಿಲ್ಲ. ಈ ಕರಾವಳಿಯ ಚರಿತ್ರೆ ಬರೆಯುವವರು ಆ ಸಾಲವನ್ನು ತೀರಿಸಬೇಕಾಗಿದೆ.

ಕೈತಪ್ಪಿದ ರೈಲು

ದೀಪ ಹೊತ್ತಿ ಒಂದೇ ವರ್ಷಕ್ಕೆ, 1865ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಹತ್ತಿಯ ಬೆಲೆ ಕುಸಿಯಿತು. ಮುಂಬಯಿಯಲ್ಲಿ ಬ್ಯಾಂಕುಗಳು, ಷೇರು ಕಂಪನಿಗಳು ಮುಳುಗಿದವು. ಹತ್ತಿ ವ್ಯಾಪಾರದ ದೊರೆ ಎನಿಸಿದ್ದ ಪ್ರೇಮಚಂದ್ ರಾಯ್‌ಚಂದ್ ಕೂಡ ನೆಲಕಚ್ಚಿದ. ಮ್ಯಾಂಚೆಸ್ಟರಿನ ಉತ್ಸಾಹ ತಣ್ಣಗಾಯಿತು. ಕೈಗಾ, ಅರಬೈಲು ಘಟ್ಟಗಳಲ್ಲಿ ಗಾಡಿದಾರಿಗಳೇನೋ ತೆರೆದುಕೊಂಡವು. ಕರಾವಳಿಯ ಆಗಬೋಟಿಗಳು ಕಾರವಾರದಲ್ಲಿ ನಿಂತು ಹೋಗುತ್ತಿದ್ದವು. ಆದರೆ ಬಂದರು ಬೆಳೆಯಬೇಕಾದರೆ ಅದರ ಬೆನ್ನಿಗೆ ರೈಲು ಬೇಕಿತ್ತು.

1869ರಿಂದ 1874ರವರೆಗೆ ಕಾರವಾರದಿಂದ ಘಟ್ಟ ಹತ್ತಿ ಗದಗ, ಬಳ್ಳಾರಿಗಳ ಕಡೆಗೆ ಹೋಗುವ ರೈಲುಮಾರ್ಗದ ಚರ್ಚೆ ನಡೆಯಿತು. ಇನ್ನೇನು ಕೆಲಸ ಶುರು ಎಂಬ ನಂಬಿಕೆಯೂ ಊರಲ್ಲಿ ಹಬ್ಬಿತ್ತು. ಕೊನೆಗೆ ಯೋಜನೆಯನ್ನು ಕೈಬಿಡಲಾಯಿತು. ಅದೇ ದಶಕದಲ್ಲಿ, 1878ರ ಡಿಸೆಂಬರ್‌ನಲ್ಲಿ, ಇಂಗ್ಲೆಂಡ್ ಮತ್ತು ಪೋರ್ಚುಗಲ್ ಒಪ್ಪಂದ ಮಾಡಿಕೊಂಡವು. ಅದರ ಫಲವಾಗಿ ಗೋವಾದ ಮರ್ಮಗೋವಾ ಬಂದರಿನಿಂದ ಕ್ಯಾಸಲ್‌ರಾಕ್‌ವರೆಗೆ ರೈಲು ಹತ್ತಿತು. ಇತ್ತ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಯನ್ನು ಸೇರಿ ಅದಕ್ಕೆ ಕೊಂಡಿಯಾಯಿತು. 1880ರ ದಶಕ ಮುಗಿಯುವಷ್ಟರಲ್ಲಿ ಧಾರವಾಡದ ಹತ್ತಿ ಎತ್ತಿನ ಗಾಡಿ ಬಿಟ್ಟು ರೈಲು ಹತ್ತಿತ್ತು, ಕಾರವಾರ ಬಿಟ್ಟು ಮರ್ಮಗೋವಾ ಹಿಡಿದಿತ್ತು. ಯಾವ ಬಂದರಿಗಾಗಿ ಜಿಲ್ಲೆಯನ್ನೇ ಒಂದು ಪ್ರಾಂತದಿಂದ ಇನ್ನೊಂದಕ್ಕೆ ಸಾಗಿಸಿದರೋ ಆ ಬಂದರು ಬಡವಾಯಿತು.

1883ರಲ್ಲಿ ರವೀಂದ್ರನಾಥ ಟಾಗೋರರು ಇಲ್ಲಿಗೆ ಬಂದಾಗ ಕಂಡದ್ದು ಈ ಬಡವಾಗುತ್ತಿದ್ದ, ಹಾಗಾಗಿಯೇ ನಿರಾಳವಾಗಿದ್ದ ಕಾರವಾರವನ್ನು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಅರ್ಧಚಂದ್ರನ ಹಾಗೆ ಬಾಗಿದ ದಂಡೆಯನ್ನೂ ಕಾಳಿ ನದಿಯಲ್ಲಿ ದೋಣಿಯೇರಿ ಹೋಗಿ ಬೆಳದಿಂಗಳಲ್ಲಿ ಮರಳಿದ್ದನ್ನೂ ಅವರು ತಮ್ಮ ಜೀವನಸ್ಮೃತಿಯಲ್ಲಿ ನೆನೆದಿದ್ದಾರೆ. ಪ್ರಕೃತಿಯ ಪ್ರತಿಶೋಧ ಎಂಬ ನಾಟಕ ಹುಟ್ಟಿದ್ದು ಇದೇ ವಾಸದಲ್ಲಿ. ಇಂದು ಆ ದಂಡೆಗೆ ಅವರದೇ ಹೆಸರು.

ಕಡಲಿಲ್ಲದವರ ಕಡಲ ಆಸೆ

ಮರ್ಮಗೋವಾದ ಬೆಲೆ ಎಷ್ಟೆಂಬುದನ್ನು ಹೈದರಾಬಾದಿನಿಂದ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಬೀದರ, ಕಲಬುರಗಿ, ರಾಯಚೂರುಗಳನ್ನು ಆಳುತ್ತಿದ್ದ ನಿಜಾಮರ ರಾಜ್ಯಕ್ಕೆ ಕಡಲೇ ಇರಲಿಲ್ಲ. 1759ರಲ್ಲಿ, ಆಗ ಅಲ್ಲಿ ಆಳುತ್ತಿದ್ದ ಸಲಾಬತ್ ಜಂಗ್ ಮಚಲಿಪಟ್ಟಣವನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಮುಂದಿನ ದಶಕದಲ್ಲಿ ಉತ್ತರ ಸರ್ಕಾರುಗಳೆಂಬ ಪೂರ್ವ ಕರಾವಳಿಯ ಸೀಮೆಗಳೂ ಕೈಬಿಟ್ಟವು. ಆ ಕೊರತೆ ಕೊನೆಯ ನಿಜಾಮರವರೆಗೂ ಕಾಡಿತು. 1947ರ ಸುಮಾರಿಗೆ ಸ್ವತಂತ್ರವಾಗಿ ಉಳಿಯುವ ಆಸೆಯಲ್ಲಿದ್ದ ನಿಜಾಮ ಸರ್ಕಾರ ಗೋವಾದ ಬಂದರನ್ನು ಪಡೆಯಲು ಪೋರ್ಚುಗೀಸರನ್ನು ಸಂಪರ್ಕಿಸಿತ್ತು. ಅದು ಫಲಿಸಲಿಲ್ಲ. ಒಂದು ರಾಜ್ಯ ಬಂದರಿಲ್ಲದೆ ಪರದಾಡಿದರೆ, ಇತ್ತ ಕಾರವಾರ ಒಳ್ಳೆಯ ಬಂದರಿನ ನೆಲೆಯಿದ್ದೂ ದಾರಿಯಿಲ್ಲದೆ ಸೊರಗಿತು. ಬಂದರು ಎಂದರೆ ನೀರು ಮತ್ತು ನೆಲ ಎರಡೂ ಕೂಡಿದ ವ್ಯವಸ್ಥೆ ಎಂಬ ಸತ್ಯವನ್ನು ಈ ಎರಡು ಕಥೆಗಳೂ ಹೇಳುತ್ತವೆ.

ಯುದ್ಧ, ನೌಕಾನೆಲೆ, ಹೊಸ ಪ್ರಶ್ನೆ

1927ರ ದೀಪಸ್ತಂಭ ಕಾಯಿದೆ ದೇಶದ ದೊಡ್ಡ ದೀಪಗಳನ್ನು ಕೇಂದ್ರದ ಆಡಳಿತಕ್ಕೆ ತಂದಿತು. ಹಡಗುಗಳಿಂದ ದೀಪಸುಂಕ ಪಡೆದು ಅವನ್ನು ನಡೆಸುವ ಪದ್ಧತಿ ಬಂತು. ದೇಶ ಸ್ವತಂತ್ರವಾದ ಮೇಲೂ ದೇವಗಡದ ಬೆಳಕು ಬೀಳುವ ನೀರಿನಲ್ಲಿ ಒಂದು ಪರಕೀಯ ನೆಲೆ ಉಳಿದಿತ್ತು. ಅಂಜದೀವ ಪೋರ್ಚುಗೀಸರದು. 1961ರ ನವೆಂಬರ್‌ನಲ್ಲಿ ಅಲ್ಲಿನ ಕಾವಲುಪಡೆ ಹತ್ತಿರ ಹಾದುಹೋದ ಸಾಬರಮತಿ ಹಡಗಿನ ಮೇಲೆ ಗುಂಡು ಹಾರಿಸಿತು. ಅದೇ ತಿಂಗಳು ಮೀನುದೋಣಿಯ ಮೇಲೂ ಗುಂಡು ಬಿದ್ದು ಕಾರವಾರ ಸೀಮೆಯ ಮೀನುಗಾರನೊಬ್ಬ ಸತ್ತ. ಗೋವಾ ವಿಮೋಚನೆಗೆ ಇವೂ ಕಾರಣವಾದವು. ಡಿಸೆಂಬರ್ 18ರಂದು ಭಾರತದ ನೌಕಾಪಡೆ ಅಂಜದೀವಕ್ಕೆ ಇಳಿಯಿತು. ದ್ವೀಪ ಗೆಲ್ಲುವಷ್ಟರಲ್ಲಿ ಏಳು ಮಂದಿ ನಾವಿಕರು ಪ್ರಾಣ ತೆತ್ತರು.

ಕೊಲ್ಲಿಯ ಸುತ್ತಲಿನ ಬೆಟ್ಟ, ದ್ವೀಪ, ಆಳ ನೀರಿನ ಬೆಲೆಯನ್ನು ನೌಕಾಪಡೆ ಅರಿತಿತು. 1986ರಲ್ಲಿ ರಾಜೀವ್ ಗಾಂಧಿಯವರು ಸೀಬರ್ಡ್ ಯೋಜನೆಗೆ ಅಡಿಗಲ್ಲಿಟ್ಟರು. 2005ರ ಮೇ 31ರಂದು ನೌಕಾನೆಲೆ ಐಎನ್‌ಎಸ್ ಕದಂಬ ಸೇವೆಗೆ ಬಂತು. ಇದಕ್ಕಾಗಿ ಕಾರವಾರ, ಅಂಕೋಲೆಗಳ ನಡುವಿನ ಊರುಗಳಿಂದ ಸಾವಿರಾರು ಕುಟುಂಬಗಳು ಗದ್ದೆ, ತೋಟ, ಮೀನಿನ ದಂಡೆಗಳನ್ನು ಬಿಟ್ಟು ಹೋದವು. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ತೆರೆದು ಕಾರವಾರಕ್ಕೆ ಹಳಿ ಬಂತಾದರೂ ಅದು ಕರಾವಳಿಗುಂಟ ಓಡುವ ಹಳಿ. ಘಟ್ಟ ಹತ್ತಬೇಕಾದ ಹುಬ್ಬಳ್ಳಿ–ಅಂಕೋಲಾ ಮಾರ್ಗಕ್ಕೆ 1990ರ ದಶಕದ ಕೊನೆಯಲ್ಲಿ ಅಡಿಗಲ್ಲು ಬಿದ್ದರೂ ಅದು ಇಂದಿಗೂ ಕಡಲು ಮುಟ್ಟಿಲ್ಲ.

ಈ ತಡಕ್ಕೆ ಇರುವ ಕಾರಣ 1870ರ ದಶಕದ್ದಲ್ಲ. ಅಂದು ಹಣ ಅಡ್ಡ ಬಂತು, ಇಂದು ಕಾಡು ಎದುರಿಗಿದೆ. ಯಲ್ಲಾಪುರದ ದಟ್ಟಾರಣ್ಯ, ಹುಲಿ, ಆನೆಗಳ ಓಡಾಟದ ದಾರಿ, ಮಳೆಗೆ ಕುಸಿಯುವ ಘಟ್ಟದ ಮಣ್ಣು ಇವೆಲ್ಲ ನಿಜವಾದ ಆತಂಕಗಳು. 19ನೆಯ ಶತಮಾನದ ಯೋಜಕರ ಲೆಕ್ಕದಲ್ಲಿ ಹತ್ತಿಯ ಬೆಲೆಯಿತ್ತು. ಕಾಡಿಗೆ ಅಲ್ಲಿದ್ದ ಬೆಲೆ ಅದರ ಮರದ್ದಷ್ಟೇ. ನಾವು ಇಂದು ನಿರ್ಧಾರ ಮಾಡುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು, ಬಂದರಿನ ಬೆನ್ನಿಗೆ ದಾರಿ ಬೇಕೆನ್ನುವ ಕರಾವಳಿಯ ಹಳೆಯ ಬೇಡಿಕೆಯನ್ನೂ ಕೇಳಿಸಿಕೊಳ್ಳಬೇಕು.

ದೇವಗಡದ ದೀಪಸ್ತಂಭವನ್ನು ಪ್ರವಾಸಿಗರಿಗೆ ಒಳ್ಳೆಯ ನೋಟವೆಂದು ತೋರಿಸುವುದಷ್ಟೇ ಸಾಲದು. ಒಂದು ಜಿಲ್ಲೆಯ ಗಡಿಯನ್ನು ಸರಿಸಿದ, ಒಂದು ಊರನ್ನು ಜಿಲ್ಲಾಕೇಂದ್ರ ಮಾಡಿದ ಯೋಜನೆಯಿಂದ ಇಂದಿಗೂ ತನ್ನ ಮೂಲ ಕೆಲಸದಲ್ಲಿ ಉಳಿದಿರುವುದು ಈ ಗೋಪುರ. ಅದರ ಕಥೆ ಕಾರವಾರದ ಶಾಲೆಗಳ ಪಾಠವಾಗಬೇಕು. ಅದರ ಹಳೆಯ ದಿನಚರಿ ಪುಸ್ತಕಗಳನ್ನು ಹುಡುಕಿ ಕಾಪಾಡಬೇಕು. ಅಲ್ಲಿ ದುಡಿದವರ ಮನೆತನಗಳ ನೆನಪುಗಳನ್ನು ಬರೆದಿಡಬೇಕು. 1860ರ ದಶಕದಲ್ಲಿ ಲಂಡನ್ನು, ಮುಂಬಯಿ, ಮದ್ರಾಸುಗಳಲ್ಲಿ ಕೂತವರು ಕನ್ನಡ ಕರಾವಳಿಯ ಹಣೆಬರಹವನ್ನು ಇಲ್ಲಿನವರನ್ನು ಕೇಳದೆ ಬರೆದರು. ಮುಂದಿನ ಬಂದರು, ಮುಂದಿನ ರೈಲು, ಮುಂದಿನ ನೆಲಸ್ವಾಧೀನದ ಮಾತು ಬಂದಾಗ ಇಲ್ಲಿನ ಮೀನುಗಾರರೂ ರೈತರೂ ಮೊದಲ ಸಾಲಿನಲ್ಲಿ ಕೂತು ಮಾತಾಡುವಂತಾದರೆ, 160 ವರ್ಷಗಳ ಈ ಚರಿತ್ರೆಯಿಂದ ನಾವು ಕಲಿತೆವು ಎನ್ನಬಹುದು.